ಜೇಬಿನ ಚಾಕು ಮತ್ತು ಆತ್ಮರಕ್ಷಣೆಯ ಹಕ್ಕು

ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳು, ಕ್ಯಾಬ್ ಓಡಿಸುವವರು, ತೋಟದ ಮನೆಯಲ್ಲಿ ಒಬ್ಬರೇ ಇರುವ ಹಿರಿಯರು ಒಂದಲ್ಲ ಒಂದು ಸಲ ಕೇಳುವ ಪ್ರಶ್ನೆ ಇದು: "ಸೇಫ್ಟಿಗೆ ಅಂತ ಒಂದು ಚಾಕು ಇಟ್ಟುಕೊಂಡರೆ ತಪ್ಪಾ?" ಅವರ ಭಯ ಸುಳ್ಳಲ್ಲ, ಪ್ರಶ್ನೆಯೂ ನ್ಯಾಯವಾದದ್ದೇ. ಆದರೆ ಇಂಟರ್‌ನೆಟ್ಟಿನಲ್ಲಿ ಸಿಗುವ ಉತ್ತರಗಳು ಬಹುಪಾಲು ಅಮೆರಿಕದವು. ಅಲ್ಲಿನ ಕಾನೂನು ಬೇರೆ, ಅಲ್ಲಿನ ತರಬೇತಿಯ ಲೆಕ್ಕಾಚಾರವೂ ಬೇರೆ. ನಮ್ಮಲ್ಲಿ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂಬುದನ್ನು ಬಿಡಿಸಿ ಬರೆಯುವ ಪ್ರಯತ್ನ ಇದು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಆತ್ಮರಕ್ಷಣೆಯ ಹಕ್ಕು ನಮ್ಮ ಕಾನೂನಿನಲ್ಲಿ ಗಟ್ಟಿಯಾಗಿಯೇ ಇದೆ. ಆದರೆ ಆ ಹಕ್ಕು ಸಿಗುವುದು ಅಪಾಯದ ಹೊತ್ತಿನಲ್ಲಿ ನೀವು ಮಾಡುವ ಕೆಲಸಕ್ಕೆ, ಜೇಬಿನಲ್ಲಿರುವ ವಸ್ತುವಿಗಲ್ಲ. ಅಪಾಯ ಎದುರಾದಾಗ ಶುರುವಾಗಿ, ಅಪಾಯ ಕಳೆದಾಗ ಮುಗಿಯುವ ಹಕ್ಕು ಅದು. ಬೆಳಗ್ಗೆ ಮನೆಯಿಂದ ಹೊರಡುವಾಗಲೇ "ಯಾರಾದರೂ ಮೈಮೇಲೆ ಬಂದರೆ ಇರಲಿ" ಎಂದು ಚೂರಿ ಸಿಕ್ಕಿಸಿಕೊಳ್ಳುವವರಿಗೆ ಅದರ ಆಸರೆ ಸಿಗುವುದಿಲ್ಲ. ಈ ಒಂದು ವಿಷಯ ಸ್ಪಷ್ಟವಾದರೆ ಯಾವ ಚಾಕು, ಎಂಥ ತರಬೇತಿ ಎನ್ನುವ ಉಳಿದ ಪ್ರಶ್ನೆಗಳ ರೂಪವೇ ಬದಲಾಗುತ್ತದೆ.

ಇಟ್ಟುಕೊಳ್ಳುವ ಕಾನೂನು

1959ರ ಆರ್ಮ್ಸ್ ಆಕ್ಟ್ ಬಂದೂಕಿಗಷ್ಟೇ ಸಂಬಂಧಿಸಿದ್ದಲ್ಲ. ದಾಳಿಗೋ ರಕ್ಷಣೆಗೋ ಆಯುಧವಾಗಿ ರೂಪಿಸಿದ ಅಥವಾ ಹಾಗೆ ಮಾರ್ಪಡಿಸಿದ ಯಾವ ವಸ್ತುವಾದರೂ, ಹರಿತವಾದ ಅಲಗಿನ ಮಾರಕ ಆಯುಧಗಳೂ ಸೇರಿದಂತೆ, ಅದರ 2ನೇ ಸೆಕ್ಷನ್ನಿನ ವ್ಯಾಖ್ಯೆಯೊಳಗೆ ಬರುತ್ತದೆ. ಮನೆಗೆಲಸಕ್ಕೋ ಕೃಷಿಗೋ ಮಾತ್ರ ಎಂದು ಮಾಡಿದ ವಸ್ತುಗಳನ್ನು ಅದೇ ಸೆಕ್ಷನ್ ಹೊರಗಿಡುತ್ತದೆ. ಈಳಿಗೆ ಮಣೆ, ತರಕಾರಿ ಚಾಕು, ಕುಡುಗೋಲು ಆಯುಧವಾಗದಿರುವುದು ಇದರಿಂದಲೇ. "ರಕ್ಷಣೆಗೋ" ಎಂಬ ಪದವನ್ನು ಗಮನಿಸಿ. ದಾಳಿಗೆ ಅಲ್ಲ, ರಕ್ಷಣೆಗೆ ಮಾತ್ರ ಎಂದುಬಿಟ್ಟರೆ ವ್ಯಾಖ್ಯೆಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಎರಡನೆಯದು ಅಳತೆ. 2016ರ ಆರ್ಮ್ಸ್ ರೂಲ್ಸ್‌ನ ಮೊದಲ ಷೆಡ್ಯೂಲಿನ 5ನೇ ವರ್ಗದಲ್ಲಿ ಕತ್ತಿ, ಬಾಕು, ಭರ್ಜಿ ಮುಂತಾದವುಗಳ ಜೊತೆಗೆ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿರುವ ಚಾಕುಗಳೂ ಇವೆ. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಬಳಕೆಗೆಂದು ಮಾಡಿದವಕ್ಕೆ ಇಲ್ಲೂ ವಿನಾಯಿತಿ ಇದೆ. ಈ "9 ಇಂಚು" ಎಂಬ ಸಂಖ್ಯೆಯನ್ನು ಹಿಡಿದುಕೊಂಡು "ಅದಕ್ಕಿಂತ ಚಿಕ್ಕದಾದರೆ ಏನೂ ಆಗಲ್ಲ" ಎನ್ನುವವರು ತುಂಬಾ ಜನ. ಅದು ಅರ್ಧ ಸತ್ಯ. ಬಾಕುವಿಗೂ ಆ ಅಳತೆಯ ಷರತ್ತು ಅಂಟುತ್ತದೆಯೇ ಎಂಬುದು ಆ ಪಟ್ಟಿಯನ್ನು ಹೇಗೆ ಓದುತ್ತೀರಿ ಎಂಬುದರ ಮೇಲಿದೆ. ಇನ್ನು 4ನೇ ಸೆಕ್ಷನ್ ಪ್ರಕಾರ, ಒಂದು ಪ್ರದೇಶಕ್ಕೆ ಅಧಿಸೂಚನೆ ಹೊರಡಿಸಿ ಅಲ್ಲಿ ಬಂದೂಕಲ್ಲದ ಆಯುಧಗಳಿಗೂ ಲೈಸೆನ್ಸ್ ಕಡ್ಡಾಯ ಮಾಡಬಹುದು. ದೆಹಲಿಯಲ್ಲಿ 1980ರಿಂದ ಇಂಥ ಅಧಿಸೂಚನೆ ಇದೆ. ಸ್ಪ್ರಿಂಗ್, ಗರಾರಿ (ಹಲ್ಲುಗಾಲಿ), ಬಟನ್ ಅಥವಾ ಬೇರೆ ಯಾವುದೇ ಯಾಂತ್ರಿಕ ವ್ಯವಸ್ಥೆಯಿಂದ ತೆರೆದುಕೊಳ್ಳುವ ಚಾಕುವಿನ ಅಲಗು 7.62 ಸೆಂ.ಮೀ. ಅಥವಾ ಅದಕ್ಕಿಂತ ಉದ್ದ, 1.72 ಸೆಂ.ಮೀ. ಅಥವಾ ಅದಕ್ಕಿಂತ ಅಗಲ ಇದ್ದರೆ ಅದು ಆ ಅಧಿಸೂಚನೆಗೆ ಒಳಪಡುತ್ತದೆ. ಬೆಂಗಳೂರಿನಲ್ಲಿ ಆನ್‌ಲೈನ್‌ನಲ್ಲಿ ತರಿಸಿದ ಬಟನ್ ಚಾಕುವನ್ನು ದೆಹಲಿ ಪ್ರವಾಸಕ್ಕೆ ಒಯ್ಯುವ ಮುಂಚೆ ಇದು ತಲೆಯಲ್ಲಿರಲಿ.

ಇವುಗಳ ಮೇಲೆ ತಾತ್ಕಾಲಿಕ ಆದೇಶಗಳೂ ಇವೆ. ಚುನಾವಣೆ, ಗಣೇಶನ ಮೆರವಣಿಗೆ, ಕೋಮು ಗಲಭೆಯ ಹೊತ್ತಿನಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 163ನೇ ಸೆಕ್ಷನ್ (ಹಿಂದಿನ 144) ಅಡಿ ನಿಷೇಧಾಜ್ಞೆ ಹೊರಡುತ್ತದೆ. ಅಂಥ ಆದೇಶಗಳಲ್ಲಿ ದೊಣ್ಣೆ, ಚಾಕು, ಕಲ್ಲು ಎಲ್ಲವನ್ನೂ ಹೆಸರಿಸಿರುತ್ತಾರೆ. ಪತ್ರಿಕೆಯ ಒಳಪುಟದಲ್ಲಿ ಬರುವ ಆ ನಾಲ್ಕು ಸಾಲನ್ನು ಓದುವವರು ಕಡಿಮೆ.

ನಿಜವಾದ ತೊಡಕು ತಪಾಸಣೆಯಲ್ಲಿ ಬರುತ್ತದೆ. ರಾತ್ರಿ 11ಕ್ಕೆ ನಾಕಾಬಂದಿಯಲ್ಲಿ ಬ್ಯಾಗ್ ತೆಗೆಸಿದಾಗ ಚಾಕು ಸಿಕ್ಕಿತು ಎಂದುಕೊಳ್ಳಿ. ಪೊಲೀಸರು ಸ್ಕೇಲ್ ಹಿಡಿದು ಅಳೆಯುವ ಮುಂಚೆ ಕೇಳುವುದು "ಇದು ಯಾಕೆ?" ಅಂತ. ಹಣ್ಣಿನ ಡಬ್ಬಿಯ ಜೊತೆ ಇಟ್ಟ ಚಿಕ್ಕ ಚಾಕುವಿಗೆ, ಎಲೆಕ್ಟ್ರಿಷಿಯನ್ ಟೂಲ್‌ಕಿಟ್‌ನಲ್ಲಿರುವ ಕಟ್ಟರ್‌ಗೆ, ತೋಟದ ಕೆಲಸಕ್ಕೆ ಜೀಪಿನ ಹಿಂದಿಟ್ಟ ಮಚ್ಚಿಗೆ ತಾನೇ ಒಂದು ಉತ್ತರ ಇರುತ್ತದೆ. "ಸೇಫ್ಟಿಗೆ ಸಾರ್" ಎನ್ನುವುದು ಮಾತ್ರ ಅತಿ ಕೆಟ್ಟ ಉತ್ತರ. ಪ್ರಾಮಾಣಿಕವಾದದ್ದೇ ಇರಬಹುದು, ಆದರೆ ಇದನ್ನು ಆಯುಧವೆಂದೇ ಇಟ್ಟುಕೊಂಡಿದ್ದೇನೆ ಎಂದು ನೀವೇ ಒಪ್ಪಿಕೊಂಡಂತಾಯಿತು. ತೋರಿಕೆಗೆ ಹಿಡಿದರೂ ಇದೇ ಗತಿ. ಲಾಂಗ್ ಹಿಡಿದು ರೀಲ್ಸ್ ಮಾಡಿದವರ ಮೇಲೆ 2025ರಲ್ಲಿ ಬೆಂಗಳೂರಿನಲ್ಲೇ ಆರ್ಮ್ಸ್ ಆಕ್ಟ್ ಅಡಿ ಕೇಸು ದಾಖಲಾಗಿದೆ.

"ಕೊಡವರಿಗೆ ಇದೆಯಲ್ಲ, ಸಿಖ್ಖರಿಗೆ ಇದೆಯಲ್ಲ" ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಕೃಪಾಣ ಧರಿಸುವುದನ್ನು ಸಂವಿಧಾನದ 25ನೇ ವಿಧಿಯ ವಿವರಣೆಯೇ ಸಿಖ್ ಧರ್ಮಾಚರಣೆಯ ಭಾಗ ಎನ್ನುತ್ತದೆ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯದ) ಭೂ ಹಿಡುವಳಿದಾರರಿಗೂ ಬಂದೂಕು ಲೈಸೆನ್ಸಿನಿಂದ ಇರುವ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಹತ್ತು ವರ್ಷಕ್ಕೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಎರಡೂ ಹೆಸರಿಸಿದ ಸಮುದಾಯಗಳಿಗೆ, ಹೆಸರಿಸಿದ ಕಾರಣಕ್ಕೆ ಸಿಕ್ಕ ವಿನಾಯಿತಿಗಳು. ಉಳಿದವರು ಅದನ್ನು ತೋರಿಸಿ ವಾದ ಮಾಡಲು ಬರುವುದಿಲ್ಲ.

ಅಲಗು, ಹಿಡಿ, ಲಾಕ್

ಚಾಕು ಕೊಳ್ಳುವವರು ನೋಡುವುದು ಅಲಗನ್ನು. ಕೈಗೆ ಗಾಯವಾಗುವುದು ಹಿಡಿಯಿಂದ. ಚಾಕುವಿನ ರಚನೆಯ ಬಗ್ಗೆ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ಇಡಿ.

ಅಡುಗೆಮನೆಯ ಸಾಮಾನ್ಯ ಚಾಕುವಿನಲ್ಲಿ ಹಿಡಿಯೂ ಅಲಗೂ ಸೇರುವ ಜಾಗದಲ್ಲಿ ತಡೆ ಇರುವುದಿಲ್ಲ. ಕತ್ತರಿಸುವಾಗ ಒತ್ತಡ ಕೆಳಮುಖವಾಗಿ ಬೀಳುವುದರಿಂದ ಅದರ ಅಗತ್ಯವೂ ಇಲ್ಲ. ಅದೇ ಚಾಕುವಿನ ಮೊನೆ ಎದುರಿಗಿರುವ ಗಟ್ಟಿ ವಸ್ತುವಿಗೆ, ಬೆಲ್ಟಿನ ಬಕಲ್‌ಗೋ ಜೀನ್ಸ್ ಗುಂಡಿಗೋ ಮೂಳೆಗೋ, ತಾಗಿದರೆ ಅಲಗು ಅಲ್ಲೇ ನಿಲ್ಲುತ್ತದೆ, ಕೈ ನಿಲ್ಲುವುದಿಲ್ಲ. ಬೆವರಿನಿಂದ ಒದ್ದೆಯಾದ ಅಂಗೈ ಹಿಡಿಯ ಮೇಲೆ ಜಾರಿ, ಬೆರಳುಗಳು ಸೀದಾ ಅಲಗಿನ ಬುಡಕ್ಕೆ ಹೋಗಿ ಕೂರುತ್ತವೆ. ಆ ಕ್ಷಣ ಮುಷ್ಟಿ ಬಿಗಿಯಾಗಿಯೇ ಇರುವುದರಿಂದ ಬೆರಳುಗಳ ಒಳಮಡಿಕೆಯಲ್ಲಿ ಅಡ್ಡಡ್ಡ ಗಾಯವಾಗುತ್ತದೆ. ಅಲ್ಲಿ ಚರ್ಮದ ಕೆಳಗೇ ಬೆರಳು ಮಡಚುವ ಸ್ನಾಯುರಜ್ಜುಗಳಿವೆ, ಪಕ್ಕದಲ್ಲೇ ನರ ಇದೆ. ರಜ್ಜು ಪೂರ್ತಿ ತುಂಡಾದರೆ ಶಸ್ತ್ರಚಿಕಿತ್ಸೆಯಿಲ್ಲದೆ ಆ ಬೆರಳು ಮಡಚುವುದಿಲ್ಲ, ಆಮೇಲೂ ತಿಂಗಳುಗಟ್ಟಲೆ ಫಿಸಿಯೋಥೆರಪಿ ಬೇಕು. ವಿಧಿವಿಜ್ಞಾನ ತಜ್ಞರು ಇರಿದವನ ಅಂಗೈಯಲ್ಲಿ ಹುಡುಕುವ ಗಾಯವೂ ಇದೇ.

ಅದಕ್ಕಾಗಿಯೇ ಬೇಟೆಗೆ, ಕಾಡಿನ ಕೆಲಸಕ್ಕೆ ಮಾಡುವ ಚಾಕುಗಳಲ್ಲಿ ಹಿಡಿಯ ಮುಂಭಾಗದಲ್ಲಿ ಉಬ್ಬು ಅಥವಾ ಅಡ್ಡತಡೆ ಇರುತ್ತದೆ. ಹಿಡಿಯ ಉದ್ದ 10–11 ಸೆಂ.ಮೀ. ಇದ್ದರೆ ವಯಸ್ಕರ ನಾಲ್ಕೂ ಬೆರಳು ಕೂರುತ್ತವೆ. ಅದಕ್ಕಿಂತ ಚಿಕ್ಕದಾದರೆ ಕಿರುಬೆರಳು ಹೊರಗೆ ಉಳಿದು ಹಿಡಿತ ತಿರುಚಿಕೊಳ್ಳುತ್ತದೆ. ನುಣುಪಾದ ಪಾಲಿಶ್ ಮರ, ಕ್ರೋಮ್ ಹಿಡಿ ನೋಡಲು ಚಂದ, ಒದ್ದೆ ಕೈಗೆ ಅಪಾಯ. ಹಿಡಿಯ ಅಡ್ಡಕೊಯ್ತ ದುಂಡಗಿರದೆ ಮೊಟ್ಟೆಯಾಕಾರದಲ್ಲಿದ್ದರೆ ಕತ್ತಲಲ್ಲೂ ಹರಿತ ಯಾವ ಕಡೆಗಿದೆ ಎಂದು ಕೈಗೆ ಗೊತ್ತಾಗುತ್ತದೆ.

ಎರಡನೇ ಮಹಾಯುದ್ಧದ ಫೇರ್‌ಬೇರ್ನ್–ಸೈಕ್ಸ್ ಬಾಕುವನ್ನು ನೋಡಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಶಾಂಘೈ ಮುನಿಸಿಪಲ್ ಪೊಲೀಸ್‌ನಲ್ಲಿ ಅನುಭವ ಪಡೆದ ವಿಲಿಯಂ ಫೇರ್‌ಬೇರ್ನ್ ಮತ್ತು ಎರಿಕ್ ಸೈಕ್ಸ್ ಬ್ರಿಟಿಷ್ ಕಮಾಂಡೊಗಳಿಗಾಗಿ ರೂಪಿಸಿದ್ದು, ವಿಲ್ಕಿನ್ಸನ್ ಸ್ವೋರ್ಡ್ ಕಂಪನಿ ತಯಾರಿಸಿದ್ದು. ಸುಮಾರು 7 ಇಂಚಿನ, ಎರಡೂ ಕಡೆ ಹರಿತವಾದ ಸಪೂರ ಅಲಗು, ಅಡ್ಡತಡೆ, ದುಂಡು ಹಿಡಿ. ಒಂದೇ ಕೆಲಸಕ್ಕೆ ಮಾಡಿದ್ದು, ಆ ಕೆಲಸ ಕೊಲ್ಲುವುದು. ಮೊನೆ ಎಷ್ಟು ಸಪೂರವೆಂದರೆ ಡಬ್ಬಿ ತೆರೆಯುವುದಕ್ಕೋ ಮೀಟುವುದಕ್ಕೋ ಬಳಸಿದರೆ ಮುರಿಯುತ್ತಿತ್ತು. ಇಂದಿಗೂ ಆನ್‌ಲೈನ್ ಅಂಗಡಿಗಳು "ಟ್ಯಾಕ್ಟಿಕಲ್" ಹೆಸರಲ್ಲಿ ಮಾರುವ ಎರಡಲಗಿನ ಚಾಕುಗಳ ಮೂಲ ರೂಪ ಇಂಥದ್ದೇ. ಆರ್ಮ್ಸ್ ಆಕ್ಟ್‌ನ "ಆಯುಧವಾಗಿ ರೂಪಿಸಿದ" ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಎರಡೂ ಕಡೆ ಹರಿತವಿರುವ ಅಲಗಿಗೆ ಮನೆಯಲ್ಲಿ ಯಾವ ಕೆಲಸವೂ ಇಲ್ಲ. ಕೊಳ್ಳಬೇಡಿ.

ಮಡಚುವ ಚಾಕುಗಳ ಕಥೆ ಬೇರೆ. ವಿಕ್ಟೊರಿನಾಕ್ಸ್‌ನ 91 ಮಿ.ಮೀ. ಸ್ವಿಸ್ ಚಾಕುವಿನಂಥವುಗಳಲ್ಲಿ ಲಾಕ್ ಇರುವುದಿಲ್ಲ. ಬೆನ್ನಿನ ಸ್ಪ್ರಿಂಗಿನ ಒತ್ತಡವೊಂದೇ ಅಲಗನ್ನು ನಿಲ್ಲಿಸುತ್ತದೆ. ಹಣ್ಣು ಕೊಯ್ಯಲು, ಹಗ್ಗ ಕತ್ತರಿಸಲು ಇಷ್ಟು ಸಾಕು. ಮೊನೆಯಿಂದ ಚುಚ್ಚಿದರೆ ಅಲಗು ಹಿಂದಕ್ಕೆ ಮಡಚಿ ನಿಮ್ಮದೇ ಬೆರಳ ಮೇಲೆ ಬೀಳುತ್ತದೆ. ಲೈನರ್ ಲಾಕ್ ಇರುವ ಚಾಕುವಿನಲ್ಲಿ ಹಿಡಿಯೊಳಗಿನ ತೆಳು ಲೋಹದ ಪಟ್ಟಿ ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಆನಿಸಿಕೊಳ್ಳುತ್ತದೆ. ಅದು ಕೈಕೊಡುವುದಕ್ಕೆ ಮೂರು ಸಾಮಾನ್ಯ ಕಾರಣಗಳಿವೆ: ಜೇಬಿನ ನೂಲುಧೂಳು ಪಟ್ಟಿಯ ಕೆಳಗೆ ಸೇರಿ ಪೂರ್ತಿ ಕೂರದಿರುವುದು, ಅಗ್ಗದ ಉಕ್ಕಿನ ಪಟ್ಟಿ ಸವೆಯುವುದು, ಬಿಗಿಮುಷ್ಟಿಯಲ್ಲಿ ತಿರುಚಿದಾಗ ಬೆರಳೇ ಪಟ್ಟಿಯನ್ನು ಒತ್ತಿ ಬಿಡಿಸುವುದು. ಪರೀಕ್ಷಿಸಬೇಕಾದರೆ ಚಾಕು ತೆರೆದು, ಬೆರಳುಗಳು ಅಲಗು ಮಡಚುವ ದಾರಿಯಲ್ಲಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅಲಗಿನ ಬೆನ್ನನ್ನು ದಪ್ಪ ಪುಸ್ತಕದ ಮೇಲೆ ಮೆಲ್ಲಗೆ ತಟ್ಟಿ. ಲಾಕ್ ಜಾರಿದರೆ ಆ ಚಾಕು ತರಕಾರಿಗೂ ಬೇಡ. ಪಟ್ಟಿ ಅಲಗಿನ ಬುಡದ ಅಗಲದ ಕಾಲು ಭಾಗವನ್ನಾದರೂ ಮುಟ್ಟಿರಬೇಕು. ಇನ್ನೊಂದು ತುದಿಯವರೆಗೆ ಹೋಗಿದ್ದರೆ ಸವೆದಿದೆ ಎಂದರ್ಥ.

ನಮ್ಮ ಮಚ್ಚಿನ ಬಗ್ಗೆಯೂ ಒಂದು ಮಾತು. ಕುಲುಮೆಯಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟೆಯಿಂದ ಬಡಿದ ಮಚ್ಚು ಮಲೆನಾಡಿನ ಉಪಕರಣಗಳಲ್ಲೇ ಶ್ರೇಷ್ಠವಾದದ್ದು. ಭಾರವೆಲ್ಲ ಮುಂಭಾಗದಲ್ಲಿರುತ್ತದೆ, ಬೀಸಿದಾಗ ತಾನೇ ಇಳಿಯುತ್ತದೆ. ಲಂಟಾನ ಸವರುವುದಕ್ಕೂ ಕೊಂಬೆ ಕಡಿಯುವುದಕ್ಕೂ ಈ ಗುಣವೇ ಬೇಕು. ಆದರೆ ಬೀಸಲು ಜಾಗ ಬೇಕು, ಬೀಸಿದ ಮೇಲೆ ಹಿಂದಕ್ಕೆ ತರಲು ಹೊತ್ತು ಬೇಕು. ಮೆಟ್ಟಿಲಿನಲ್ಲಿ, ಬಾಗಿಲ ಸಂದಿನಲ್ಲಿ, ಕಾರಿನೊಳಗೆ ಅದು ಮೊದಲು ತಾಗುವುದು ಗೋಡೆಗೆ ಅಥವಾ ಜೊತೆಗಿರುವವರಿಗೆ. ಅದರಿಂದಾದ ಗಾಯವನ್ನು ನ್ಯಾಯಾಲಯದಲ್ಲಿ "ತಡೆಯಲು ಬೇಕಾದಷ್ಟೇ ಮಾಡಿದೆ" ಎಂದು ಸಮರ್ಥಿಸುವುದೂ ಕಷ್ಟ.

ಅಭ್ಯಾಸ

ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನ್ನಿಸ್ ಟ್ಯೂಲರ್ 1983ರಲ್ಲಿ ಒಂದು ಲೆಕ್ಕ ಬರೆದರು: ಚಾಕು ಹಿಡಿದು ನುಗ್ಗುವ ಸಾಧಾರಣ ಆರೋಗ್ಯವಂತ 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟುತ್ತಾನೆ. ಸೊಂಟದ ಬಂದೂಕು ತೆಗೆಯಲು ಬೇಕಾಗುವ ಹೊತ್ತೂ ಅಷ್ಟೇ ಎಂಬುದು ಅವರ ಮಾತಿನ ತಿರುಳು. ನಮಗೆ ಬೇಕಾದ ಪಾಠ ಬೇರೆ. ಜೀನ್ಸ್ ಜೇಬಿನಿಂದ ಮಡಚಿದ ಚಾಕು ತೆಗೆದು, ಹೆಬ್ಬೆರಳಿನಿಂದ ತೆರೆದು, ಸರಿಯಾಗಿ ಹಿಡಿಯುವುದು ಬಂದೂಕು ತೆಗೆಯುವುದಕ್ಕಿಂತ ಸೂಕ್ಷ್ಮ ಕೆಲಸ. ಭಯದಲ್ಲಿ ಅಡ್ರಿನಲಿನ್ ಏರಿದಾಗ ಬೆರಳ ತುದಿಯ ಕೆಲಸಗಳೇ ಮೊದಲು ಕೈಬಿಡುತ್ತವೆ. ಬೀಗಕ್ಕೆ ಕೀಲಿ ಹಾಕಲು ಒದ್ದಾಡುವ ಸ್ಥಿತಿಯಲ್ಲಿ ಚಾಕು ಬಿಚ್ಚುವುದು ಸಾಧ್ಯವಾಗುವುದಿಲ್ಲ. ಸಾಲದ್ದಕ್ಕೆ ಬೀದಿಯ ದಾಳಿ 21 ಅಡಿ ದೂರದಿಂದ ಶುರುವಾಗುವುದೇ ಅಪರೂಪ. ಟೈಮ್ ಕೇಳುವ, ಅಡ್ರೆಸ್ ಕೇಳುವ, ಬೈಕ್ ತಾಗಿತು ಎಂದು ಜಗಳ ತೆಗೆಯುವ ದೂರ ಒಂದು ಕೈಯಳತೆ ಮಾತ್ರ.

ತರಬೇತಿ ಶಾಲೆಗಳಲ್ಲಿ ತೋರಿಸುವ ದಾಳಿ ಸಾಮಾನ್ಯವಾಗಿ ಹೀಗಿರುತ್ತದೆ: ಎದುರಾಳಿ ಒಂದು ಹೆಜ್ಜೆ ಮುಂದಿಟ್ಟು, ಒಂದೇ ಸಲ ಚುಚ್ಚಿ, ಕೈಯನ್ನು ಹಾಗೆಯೇ ಚಾಚಿಕೊಂಡು ನಿಲ್ಲುತ್ತಾನೆ. ಕಲಿಯುವವರು ಮಣಿಕಟ್ಟು ಹಿಡಿದು, ತಿರುಚಿ, ಚಾಕು ಬೀಳಿಸುತ್ತಾರೆ. ಸಿಸಿಟಿವಿಯಲ್ಲಿ ದಾಖಲಾದ ನಿಜ ದಾಳಿಗಳು ಹೀಗಿರುವುದಿಲ್ಲ. ಒಂದು ಕೈ ಅಂಗಿಯನ್ನೋ ಕತ್ತನ್ನೋ ಹಿಡಿದುಕೊಂಡಿರುತ್ತದೆ, ಇನ್ನೊಂದು ಕೈ ಬಿಟ್ಟೂಬಿಡದೆ ಹೋಗಿ ಬರುತ್ತಿರುತ್ತದೆ. ಮಣಿಕಟ್ಟು ಒಂದು ಜಾಗದಲ್ಲಿ ನಿಲ್ಲುವುದೇ ಇಲ್ಲ. ಚಾಕು ಕಣ್ಣಿಗೇ ಬೀಳದೆ, ಗುದ್ದಿದ ಎಂದುಕೊಂಡವರಿಗೆ ರಕ್ತ ನೋಡಿದ ಮೇಲೆ ತಿಳಿದದ್ದೂ ಉಂಟು.

ನಂಬಿಕೆ ಬರದಿದ್ದರೆ ಮಾರ್ಕರ್ ಅಭ್ಯಾಸ ಮಾಡಿ ನೋಡಿ. ಇಬ್ಬರಿಗೂ ಹಳೆಯ ಬಿಳಿ ಟಿ-ಶರ್ಟ್, ಕಣ್ಣಿಗೆ ಪೂರ್ತಿ ಮುಚ್ಚುವ ಸುರಕ್ಷಾ ಕನ್ನಡಕ, ನೀರಿನಲ್ಲಿ ಹೋಗುವ ಮಸಿಯ ದಪ್ಪ ಮಾರ್ಕರ್. ಮಾರ್ಕರ್ ತುದಿಯಿಂದ ಒಂದೆರಡು ಸೆಂ.ಮೀ. ಬಿಟ್ಟು ಉಳಿದದ್ದಕ್ಕೆ ಸ್ಪಂಜ್ ಸುತ್ತಿ, ಮುಖ ಮತ್ತು ಕುತ್ತಿಗೆಗೆ ಗುರಿಯಿಡಬಾರದು ಎಂದು ಮೊದಲೇ ಒಪ್ಪಿಕೊಳ್ಳಿ. ಹತ್ತು ಅಡಿ ಚೌಕದ ಜಾಗ, ಒಂದು ಸುತ್ತಿಗೆ 10 ಸೆಕೆಂಡ್. ಮೂರನೆಯವರೊಬ್ಬರು ಸಮಯ ನೋಡಲಿ, ನಿಲ್ಲಿಸಿ ಎಂದ ತಕ್ಷಣ ನಿಲ್ಲಬೇಕು. ಮೊದಲ ಸುತ್ತಿನಲ್ಲಿ ಒಬ್ಬರ ಕೈಯಲ್ಲಿ ಮಾತ್ರ ಮಾರ್ಕರ್ ಇರಲಿ, ಇನ್ನೊಬ್ಬರು ಕಸಿದುಕೊಳ್ಳಲು ನೋಡಲಿ. ಎರಡನೆಯದರಲ್ಲಿ ಇಬ್ಬರ ಕೈಯಲ್ಲೂ ಇರಲಿ. ಮೂರನೆಯದರಲ್ಲಿ ರಕ್ಷಿಸಿಕೊಳ್ಳುವವರಿಗೆ ಒಂದೇ ಗುರಿ: ತಳ್ಳಿ, ಬಾಗಿಲಿನಿಂದ ಹೊರಗೆ ಓಡುವುದು. ಪ್ರತಿ ಸುತ್ತು ಮುಗಿದ ಮೇಲೆ ಅಂಗಿಯ ಗುರುತುಗಳನ್ನು ಎಣಿಸಿ, ಮುಂದೋಳಿನ ಒಳಬದಿಯನ್ನೂ ಬಿಡದೆ ನೋಡಿ.

ಎರಡನೇ ಸುತ್ತು ಕಣ್ಣು ತೆರೆಸುತ್ತದೆ. ಕೈಯಲ್ಲಿ "ಚಾಕು" ಇದ್ದವರು ಕಡಿಮೆ ಗುರುತು ತಿನ್ನುತ್ತಾರೆ ಎಂದು ಎಲ್ಲರ ಊಹೆ. ಆದರೆ ಇಬ್ಬರ ಅಂಗಿಯೂ ಗೀಚಿಹೋಗಿರುತ್ತದೆ, ಏಕೆಂದರೆ ಆಯುಧ ಇದ್ದವರು ತಪ್ಪಿಸಿಕೊಳ್ಳುವುದನ್ನು ಬಿಟ್ಟು ಹೊಡೆಯಲು ನಿಲ್ಲುತ್ತಾರೆ. ಚಾಕು ಅಡ್ಡ ಹಿಡಿಯುವ ಗುರಾಣಿಯಲ್ಲ, ಬರುವ ಅಲಗನ್ನು ಅದು ತಡೆಯುವುದಿಲ್ಲ. ಗುರುತು ಕಡಿಮೆಯಾಗುವುದು ಮೂರನೇ ಸುತ್ತಿನಲ್ಲಿ.

ಹಾಗಾದರೆ ಅಭ್ಯಾಸ ಮಾಡಬೇಕಾದದ್ದು ಯಾವುದು? ಅಪರಿಚಿತರು ಮಾತಿಗೆಳೆದಾಗ ಎರಡು ಹೆಜ್ಜೆ ದೂರ ಕಾಯ್ದುಕೊಂಡು, ಎದುರಿನವರ ಎರಡೂ ಕೈ ಕಾಣುವ ಹಾಗೆ ನಿಲ್ಲುವುದು. ಮಧ್ಯೆ ಏನನ್ನಾದರೂ ತಂದುಕೊಳ್ಳುವುದು: ನಿಲ್ಲಿಸಿದ ಸ್ಕೂಟರ್, ಕಾರಿನ ಬಾನೆಟ್, ಕುರ್ಚಿ, ಬ್ಯಾಗ್. ನಮ್ಮ ಊರುಗಳಲ್ಲಿ ಹೆಚ್ಚಿನವರ ಕೈಯಲ್ಲಿ ಇದ್ದೇ ಇರುವ ಹೆಲ್ಮೆಟ್ ಒಳ್ಳೆಯ ತಡೆ. ಎರಡೂ ಕೈಯಲ್ಲಿ ಅಂಚು ಹಿಡಿದು ಎದೆಯ ಮುಂದೆ ಇಟ್ಟುಕೊಂಡು ಹಿಂದಕ್ಕೆ ಸರಿಯಬಹುದು, ಮತ್ತು ಅದನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ಗಟ್ಟಿಯಾಗಿ ಕೂಗುವುದನ್ನೂ ಅಭ್ಯಾಸ ಮಾಡಬೇಕು. ಭಯದಲ್ಲಿ ದನಿ ಹೊರಡದಿರುವುದು ತುಂಬಾ ಸಾಮಾನ್ಯ. ಮೊಬೈಲ್, ಪರ್ಸ್ ಕೇಳಿದರೆ ಪಕ್ಕಕ್ಕೆ ಎಸೆದು ಎದುರು ದಿಕ್ಕಿಗೆ ಓಡಿ.

ಕಳರಿಪಯಟ್ಟಿನಲ್ಲಿ ಕತ್ತಿ, ಕಠಾರಿಯ ಅಂಗತ್ತಾರಿ ಹಂತ ಬರುವುದು ಮೈತ್ತಾರಿ (ಮೈ ಪಳಗಿಸುವ ಕಸರತ್ತು), ಕೋಲ್ತಾರಿಯಲ್ಲಿ (ಕೋಲಿನ ಅಭ್ಯಾಸ) ವರ್ಷಗಟ್ಟಲೆ ಪಳಗಿದ ಮೇಲೆ. ಫಿಲಿಪ್ಪೀನ್ಸಿನ ಆರ್ನಿಸ್, ಕಾಲಿಯಲ್ಲೂ ಕೋಲಿನಿಂದಲೇ ಕೈ ಪಳಗಿಸುತ್ತಾರೆ. ಇವು ದೇಹಕ್ಕೆ, ಕಣ್ಣಿಗೆ, ಹೆಜ್ಜೆಗೆ ಅಪಾರ ಲಾಭ ಕೊಡುವ ವಿದ್ಯೆಗಳು, ಕಲಿಯಬಲ್ಲವರು ಖಂಡಿತ ಕಲಿಯಿರಿ. ನನ್ನ ತಕರಾರು ಭಾನುವಾರದ ಎರಡು ಗಂಟೆಯ ಶಿಬಿರಗಳ ಬಗ್ಗೆ. ಚಾಕು ಕಸಿದುಕೊಳ್ಳುವ ನಾಲ್ಕು ಪಟ್ಟು ಕಲಿತು ಹೊರಬಂದವರು ಓಡಬೇಕಾದ ಜಾಗದಲ್ಲಿ ನಿಂತುಬಿಡುತ್ತಾರೆ.

ಹಕ್ಕು ಎಲ್ಲಿಂದ ಎಲ್ಲಿಯವರೆಗೆ

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮರಕ್ಷಣೆ 34ರಿಂದ 44ರವರೆಗಿನ ಸೆಕ್ಷನ್‌ಗಳಲ್ಲಿದೆ. ಹಳೆಯ ಐಪಿಸಿಯಲ್ಲಿ ಇದೇ 96ರಿಂದ 106. ನಿಮ್ಮ ದೇಹವನ್ನಷ್ಟೇ ಅಲ್ಲ, ಇನ್ನೊಬ್ಬರ ದೇಹವನ್ನೂ ಕಾಪಾಡುವ ಹಕ್ಕಿದೆ. 37ನೇ ಸೆಕ್ಷನ್ ಎರಡು ಬೇಲಿ ಹಾಕುತ್ತದೆ: ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕಿಲ್ಲ, ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ದಾಳಿಕೋರನ ಸಾವಿನವರೆಗೂ ಹಕ್ಕು ಹಬ್ಬುವ ಸಂದರ್ಭಗಳನ್ನು 38 ಪಟ್ಟಿ ಮಾಡುತ್ತದೆ. ಸಾವಿನ ಅಥವಾ ತೀವ್ರ ಗಾಯದ ಸಮಂಜಸ ಭಯ, ಅತ್ಯಾಚಾರದ ಉದ್ದೇಶದ ದಾಳಿ, ಅಪಹರಣ, ಆ್ಯಸಿಡ್ ಎರಚುವುದು ಅದರಲ್ಲಿವೆ.

ಆಸ್ತಿಯ ವಿಚಾರದಲ್ಲಿ ಜನ ಎಡವುತ್ತಾರೆ. ಬೈಕಿನಲ್ಲಿ ಬಂದು ಮೊಬೈಲ್ ಕಸಿದು ಹೋಗುವುದು 304ನೇ ಸೆಕ್ಷನ್ನಿನ ಪ್ರಕಾರ ಕಳ್ಳತನದ ಒಂದು ರೂಪ. ಅದಕ್ಕೆ ಸಾವು ತರುವಷ್ಟು ಬಲ ಬಳಸುವ ಹಕ್ಕಿಲ್ಲ. ಚಾಕು ತೋರಿಸಿ ಹೆದರಿಸಿ ಕಿತ್ತುಕೊಂಡರೆ ದರೋಡೆ, ಅಲ್ಲಿ 41ನೇ ಸೆಕ್ಷನ್ ದೊಡ್ಡ ಹಕ್ಕು ಕೊಡುತ್ತದೆ. ಒಂದೇ ಫೋನ್ ಹೋದರೂ ಕಾನೂನು ಎರಡನ್ನು ಬೇರೆ ಬೇರೆಯಾಗಿ ತೂಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು 40ನೇ ಸೆಕ್ಷನ್. ಹಕ್ಕು ಭಯ ಹುಟ್ಟಿದಾಗ ಶುರು, ಭಯ ಇರುವಷ್ಟು ಹೊತ್ತು ಮಾತ್ರ. ದಾಳಿಕೋರ ಬೆನ್ನು ತಿರುಗಿಸಿ ಓಡಿದ, ಅಥವಾ ಅವನ ಚಾಕು ನಿಮ್ಮ ಕೈಗೆ ಬಂದು ಅವನು ನೆಲಕ್ಕೆ ಬಿದ್ದ. ಆಮೇಲೆ ಬೀಳುವ ಏಟು ಪ್ರತೀಕಾರ. ಮರಣೋತ್ತರ ಪರೀಕ್ಷೆಯಲ್ಲೂ ಗಾಯದ ಪ್ರಮಾಣಪತ್ರದಲ್ಲೂ ಗಾಯಗಳ ಸಂಖ್ಯೆ, ಜಾಗ, ಬೆನ್ನಿನ ಮೇಲಿವೆಯೇ ಎಂಬುದೆಲ್ಲ ದಾಖಲಾಗುತ್ತದೆ. ಮೊದಲ ಏಟು ರಕ್ಷಣೆಯಾಗಿ ಏಳನೆಯದು ಅಪರಾಧವಾಗಬಹುದು. ಸಾವಾದಲ್ಲಿ, ಸದುದ್ದೇಶದಿಂದಲೇ ಮಿತಿ ಮೀರಿದ್ದಕ್ಕೆ 101ನೇ ಸೆಕ್ಷನ್ನಿನ ಎರಡನೇ ವಿನಾಯಿತಿ ಇದೆ. ಅದು ಕೊಲೆ ಆರೋಪದಿಂದ ಉಳಿಸುತ್ತದೆ, ಜೈಲಿನಿಂದಲ್ಲ. ಆಯುಧದಿಂದ ತೀವ್ರ ಗಾಯ ಮಾಡಿದ್ದಕ್ಕೆ 118(2)ರಲ್ಲಿ ಕನಿಷ್ಠ ಒಂದು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಇದೆ.

ನ್ಯಾಯಾಲಯಗಳು ನಿರ್ದಯವಾಗಿಲ್ಲ. ದರ್ಶನ್ ಸಿಂಗ್ ವಿರುದ್ಧ ಪಂಜಾಬ್ ಸರ್ಕಾರ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್, ಸಮಂಜಸ ಭಯವಿದ್ದರೆ ಸಾಕು, ಅಪರಾಧ ನಡೆದೇ ತೀರಬೇಕಿಲ್ಲ, ಪ್ರಾಣಭಯದಲ್ಲಿರುವವರು ಏಟನ್ನು ಗುಲಗಂಜಿ ಲೆಕ್ಕದಲ್ಲಿ ತೂಗಬೇಕೆಂದು ನಿರೀಕ್ಷಿಸಲಾಗದು ಎಂದು ತತ್ತ್ವಗಳನ್ನೇ ಪಟ್ಟಿ ಮಾಡಿದೆ. ಆದರೆ ವಿನಾಯಿತಿಗೆ ಆಧಾರ ತೋರಿಸುವ ಹೊಣೆ ಭಾರತೀಯ ಸಾಕ್ಷ್ಯ ಅಧಿನಿಯಮದ 108ನೇ ಸೆಕ್ಷನ್ ಪ್ರಕಾರ ಆರೋಪಿಯ ಮೇಲಿದೆ. ಸಂಶಯಾತೀತ ಪುರಾವೆ ಬೇಕಿಲ್ಲ, ಸಂಭವ ಹೆಚ್ಚೆಂದು ತೋರಿಸಿದರೆ ಸಾಕು. ಜಗಳದ ಜಾಗದಲ್ಲಿ ಕೈಗೆ ಸಿಕ್ಕ ಹಣ್ಣಿನ ಚಾಕು ಬಳಸಿದವರಿಗೂ ಮೂರು ತಿಂಗಳಿಂದ ಸೊಂಟದಲ್ಲಿ ಬಾಕು ಇಟ್ಟುಕೊಂಡವರಿಗೂ ಈ ಹೊಣೆಯ ಭಾರ ಒಂದೇ ಆಗಿರುವುದಿಲ್ಲ. ಸರ್ಕಾರಿ ಅಭಿಯೋಜಕರು ಎರಡನೆಯವರನ್ನು ಕೇಳುವ ಮೊದಲ ಪ್ರಶ್ನೆಯೇ "ಸಿದ್ಧವಾಗಿ ಬಂದಿದ್ದಿರಲ್ಲ?"

ಘಟನೆ ನಡೆದ ಮೇಲೆ

ಸುರಕ್ಷಿತ ಜಾಗಕ್ಕೆ ಹೋಗಿ 112ಕ್ಕೆ ನೀವೇ ಮೊದಲು ಕರೆ ಮಾಡಿ. ಕರೆಯ ಸಮಯ ದಾಖಲಾಗುತ್ತದೆ, ಓಡಿಹೋದವರು ನೀವಲ್ಲ ಎನ್ನಲು ಅದು ಆಧಾರ. ಚಾಕು ಯಾರದೇ ಇರಲಿ, ತೊಳೆಯಬೇಡಿ, ಎಸೆಯಬೇಡಿ. ಸಾಕ್ಷ್ಯ ನಾಶ ನ್ಯಾಯ ಸಂಹಿತೆಯ 238ನೇ ಸೆಕ್ಷನ್ನಿನ ಪ್ರತ್ಯೇಕ ಅಪರಾಧ, ರಕ್ಷಣೆಯ ವಾದವನ್ನೂ ಅದು ಕೆಡಿಸುತ್ತದೆ. ನಿಮ್ಮ ಮೈಮೇಲಿನ ಗಾಯ ಎಷ್ಟೇ ಸಣ್ಣದಿರಲಿ ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸ್ ಪ್ರಕರಣದ ವೈದ್ಯಕೀಯ ದಾಖಲೆ) ಮಾಡಿಸಿ. ಆರೋಪಿಯ ಮೈಮೇಲಿನ ಗಾಯಕ್ಕೆ ಪ್ರಾಸಿಕ್ಯೂಷನ್ ವಿವರಣೆ ಕೊಡದಿದ್ದರೆ ಅದರ ಕಥೆಯೇ ಸಡಿಲವಾಗುತ್ತದೆ ಎಂದು ಸುಪ್ರೀಂ ಕೋರ್ಟ್ 1976ರಲ್ಲೇ ಲಕ್ಷ್ಮಿ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಪೊಲೀಸ್ ಬರಲಿ ಎಂದು ಆಸ್ಪತ್ರೆ ಚಿಕಿತ್ಸೆ ತಡೆಯುವಂತಿಲ್ಲ. 1989ರ ಪರಮಾನಂದ ಕಟಾರಾ ತೀರ್ಪು ಅದಕ್ಕೇ ಇದೆ. ಅಂಗಡಿಗಳ ಸಿಸಿಟಿವಿ ಕೆಲವು ದಿನಗಳಲ್ಲಿ ತಾನಾಗಿ ಅಳಿಸಿಹೋಗುತ್ತದೆ. ಯಾವ ಅಂಗಡಿಯ ಕ್ಯಾಮೆರಾ ಆ ಕಡೆ ನೋಡುತ್ತಿದೆ ಎಂದು ಅಂದೇ ಲಿಖಿತವಾಗಿ ತನಿಖಾಧಿಕಾರಿಗೆ ಕೊಡಿ.

ಹೇಳಿಕೆಯ ವಿಷಯದಲ್ಲಿ ದಾಳಿ ಮಾಡಿದವರು ಯಾರು, ಎಲ್ಲಿ, ಸಾಕ್ಷಿ ಯಾರು, ನಿಮಗೆ ಎಲ್ಲಿ ಗಾಯವಾಗಿದೆ ಎಂಬಷ್ಟನ್ನು ಹೇಳಿ. ಎಷ್ಟು ಏಟು, ಯಾವ ಕ್ರಮದಲ್ಲಿ ಎಂಬ ವಿವರವನ್ನು ನಡುಗುವ ಹೊತ್ತಿನಲ್ಲಿ ಕೊಟ್ಟರೆ ಆಮೇಲೆ ಸಿಸಿಟಿವಿಗೆ ತಾಳೆಯಾಗುವುದಿಲ್ಲ. ಬಂಧಿಸಿದರೆ ವಕೀಲರನ್ನು ಭೇಟಿಯಾಗುವುದು ಸಂವಿಧಾನದ 22ನೇ ವಿಧಿಯ ಹಕ್ಕು, ತನ್ನ ವಿರುದ್ಧ ತಾನೇ ಸಾಕ್ಷಿಯಾಗದಿರುವುದು 20(3)ರ ಹಕ್ಕು.

ರಕ್ತಸ್ರಾವ ನಿಲ್ಲಿಸುವುದನ್ನು ಚಾಕು ಹಿಡಿಯುವುದಕ್ಕಿಂತ ಮೊದಲು ಕಲಿಯಬೇಕು. ಗಾಯದ ಮೇಲೆ ಶುದ್ಧ ಬಟ್ಟೆ ಇಟ್ಟು, ಎರಡೂ ಅಂಗೈಯಿಂದ, ದೇಹದ ಭಾರ ಹಾಕಿ ಒತ್ತಿ. ನಿಂತಿತೇ ಎಂದು ನೋಡಲು ಮಧ್ಯೆ ಬಟ್ಟೆ ಎತ್ತಬೇಡಿ, ಕನಿಷ್ಠ 10 ನಿಮಿಷ. ಕೈಕಾಲಿನ ಆಳದ ಗಾಯವಾದರೆ ಬಟ್ಟೆಯನ್ನು ಗಾಯದೊಳಗೇ ತುರುಕಿ ಒತ್ತಿ. ಅದಕ್ಕೂ ನಿಲ್ಲದಿದ್ದರೆ ಗಾಯದಿಂದ 5–7 ಸೆಂ.ಮೀ. ಮೇಲೆ, ಕೀಲಿನ ಮೇಲಲ್ಲದಂತೆ, ಅಗಲದ ಪಟ್ಟಿಯಿಂದ ಬಿಗಿದು ಸಮಯ ಬರೆದಿಡಿ. ಎದೆ, ಹೊಟ್ಟೆಯ ಗಾಯದೊಳಗೆ ಏನನ್ನೂ ತುರುಕಬೇಡಿ. ಚುಚ್ಚಿಕೊಂಡಿರುವ ಚಾಕುವನ್ನು ಎಳೆಯಲೇಬೇಡಿ, ಅಲ್ಲಾಡದಂತೆ ಸುತ್ತ ಬಟ್ಟೆ ಕಟ್ಟಿ 108ಕ್ಕೆ ಕಾಯಿರಿ.

ಚಾಕುವಿನ ಬದಲು ಪೆಪ್ಪರ್ ಸ್ಪ್ರೇ ಎನ್ನುವವರಿಗೆ: ಅದು ಎಷ್ಟೋ ಮೇಲು, ದೂರದಿಂದಲೇ ಕೆಲಸ ಮಾಡುತ್ತದೆ, ಓಡಲು ಹೊತ್ತು ಕೊಡುತ್ತದೆ. ಗಾಳಿಗೆ ಎದುರಾಗಿ ಹೊಡೆದರೆ ನಿಮ್ಮ ಕಣ್ಣಿಗೇ ಬರುತ್ತದೆ, ಡಬ್ಬಿಯ ಅವಧಿ ಮುಗಿದರೆ ಒತ್ತಡ ಇಳಿದಿರುತ್ತದೆ. ಆದರೆ 2024ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಪೆಪ್ಪರ್ ಸ್ಪ್ರೇಯನ್ನು ಅಪಾಯಕಾರಿ ಆಯುಧವೆಂದೇ ಪರಿಗಣಿಸಿ, ತಕ್ಷಣದ ಪ್ರಾಣಭಯ ಕಾಣುತ್ತಿಲ್ಲ ಎಂದು ಕೇಸು ರದ್ದು ಮಾಡಲು ನಿರಾಕರಿಸಿತು. ಮಾತಿನ ಜಗಳಕ್ಕೆ ಸ್ಪ್ರೇ ತೆಗೆಯುವಂತಿಲ್ಲ.

ವಿದೇಶಕ್ಕೆ ಓದಲು, ಕೆಲಸಕ್ಕೆ ಹೋಗುವವರು ಊರಿನ ಚಾಕುವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಬೇಡಿ. ಬ್ರಿಟನ್ನಿನಲ್ಲಿ ಕಾರಣ ಹೇಳದೆ ಜೊತೆಗಿಟ್ಟುಕೊಳ್ಳಬಹುದಾದದ್ದು ಲಾಕ್ ಇಲ್ಲದ, ಮಡಚುವ, 3 ಇಂಚು ಮೀರದ ಹರಿತದ ಚಾಕು ಮಾತ್ರ, ಮತ್ತು ಆತ್ಮರಕ್ಷಣೆ ಅಲ್ಲಿ ಒಪ್ಪುವ ಕಾರಣವಲ್ಲ. ಜರ್ಮನಿಯಲ್ಲಿ ಒಂದೇ ಕೈಯಲ್ಲಿ ತೆರೆದು ಲಾಕ್ ಆಗುವ ಚಾಕುವನ್ನೂ 12 ಸೆಂ.ಮೀ.ಗಿಂತ ಉದ್ದದ ಮಡಚದ ಅಲಗನ್ನೂ ತಕ್ಕ ಕಾರಣವಿಲ್ಲದೆ ಹೊರಗೆ ಒಯ್ಯುವಂತಿಲ್ಲ. ಅಡುಗೆಗೆ ಹೊಸ ಚಾಕು ಕೊಂಡರೆ ಪ್ಯಾಕ್ ಒಡೆಯದೆ, ಬಿಲ್ ಸಮೇತ ಮನೆಗೆ ತನ್ನಿ.